ಬೆಂಗಳೂರು–ಮಂಗಳೂರು: ವಿಮಾನವೇ, ರೈಲೇ, ಬಸ್ಸೇ, ಕಾರೇ?

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಹುಡುಕಿದರೆ ಉತ್ತರ ಥಟ್ಟನೆ ಬರುತ್ತದೆ. ಸುಮಾರು 300 ಕಿಲೋಮೀಟರ್, ಒಂದು ಗಂಟೆ. ಬಸ್ಸಿಗೆ ಏಳೆಂಟು ಗಂಟೆ, ರೈಲಿಗೆ ಒಂಬತ್ತು ಹತ್ತು ಗಂಟೆ. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಆಯ್ಕೆ ಅಲ್ಲಿಗೇ ಮುಗಿಯಿತು ಅನ್ನಿಸುವುದು ಸಹಜ: ಕೈಯಲ್ಲಿ ಹಣವಿದ್ದರೆ ವಿಮಾನ, ಇಲ್ಲದಿದ್ದರೆ ಬಸ್ಸು. ಕರಾವಳಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ದುಡಿಯುತ್ತಿರುವ ನಾವು ಅನೇಕರು ಈ ದಾರಿಯನ್ನು ನಾಲ್ಕೂ ಬಗೆಯಲ್ಲಿ ಸವೆಸಿದವರು. ಅದರಿಂದ ನನಗೆ ಮನದಟ್ಟಾದ ಸಂಗತಿಯೆಂದರೆ, ಈ ದಾರಿಯಲ್ಲಿ ಯಾವುದು ಬೇಗ ಎಂಬುದನ್ನು ಮೂರು ವಿಷಯಗಳು ತೀರ್ಮಾನಿಸುತ್ತವೆ. ನೀವು ಬೆಂಗಳೂರಿನ ಯಾವ ಮೂಲೆಯಿಂದ ಹೊರಡುತ್ತೀರಿ, ಘಟ್ಟದ ಕೆಳಗೆ ಯಾವ ಊರು ಸೇರಬೇಕು, ಪ್ರಯಾಣಕ್ಕೆ ಹಗಲು ಕೊಡುತ್ತೀರೋ ರಾತ್ರಿ ಕೊಡುತ್ತೀರೋ. ವಾಹನದ ವೇಗ ಇವುಗಳ ನಂತರದ ಮಾತು.

ಆ ಒಂದು ಗಂಟೆ ಎಲ್ಲಿಂದ ಬಂತು

ಮೊದಲು ದೂರ. ದೂರ ತೋರಿಸುವ ಜಾಲತಾಣಗಳು ಎರಡು ಸ್ಥಳಗಳ ಅಕ್ಷಾಂಶ ರೇಖಾಂಶಗಳನ್ನು ತೆಗೆದುಕೊಂಡು ಭೂಮಿಯ ಮೇಲ್ಮೈಯಲ್ಲಿ ಅವುಗಳ ನಡುವಿನ ಅತಿ ಹತ್ತಿರದ ಗೆರೆಯನ್ನು ಅಳೆಯುತ್ತವೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ಈ ಗೆರೆ ಸುಮಾರು 305 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಮಂಗಳೂರಿನ ನಡುವಿರುವ ಹಂಪನಕಟ್ಟೆಗೆ ಎಳೆದರೆ ಅದಕ್ಕಿಂತ ಹತ್ತು ಕಿಲೋಮೀಟರಿನಷ್ಟು ಕಡಿಮೆ. ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇದೇ ದೂರ ಸುಮಾರು 350 ಕಿಲೋಮೀಟರ್. ನಡುವೆ ಪಶ್ಚಿಮ ಘಟ್ಟ ಅಡ್ಡ ನಿಂತಿದ್ದರೂ ರಸ್ತೆ ಆಕಾಶಮಾರ್ಗಕ್ಕಿಂತ ಐವತ್ತು ಕಿಲೋಮೀಟರ್ ಮಾತ್ರ ಹೆಚ್ಚು. ಅಂದರೆ ಈ ಎರಡು ಊರುಗಳ ನಡುವೆ ರಸ್ತೆ ಸಾಕಷ್ಟು ನೇರವಾಗಿಯೇ ಇದೆ. ತೊಂದರೆ ಇರುವುದು ದೂರದಲ್ಲಲ್ಲ, ಘಟ್ಟದ ಏರಿಳಿತದಲ್ಲಿ ಮತ್ತು ಎರಡೂ ತುದಿಯ ಪಟ್ಟಣಗಳ ಸಂಚಾರದಲ್ಲಿ.

ಇನ್ನು ಸಮಯ. ಇಂತಹ ತಾಣಗಳು ಸಾಮಾನ್ಯವಾಗಿ ಗಂಟೆಗೆ 800 ಕಿಲೋಮೀಟರಿನ ಆಸುಪಾಸಿನ ಒಂದು ವೇಗವನ್ನು ಹಿಡಿದು ದೂರವನ್ನು ಭಾಗಿಸಿ, ಏರಲು ಇಳಿಯಲು ಎಂದು ಅರ್ಧ ಗಂಟೆ ಕೂಡಿಸುತ್ತವೆ. 305 ಕಿಲೋಮೀಟರಿಗೆ 23 ನಿಮಿಷ, ಅದಕ್ಕೆ 30 ಸೇರಿಸಿದರೆ 53 ನಿಮಿಷ. ಟಿಕೆಟ್ಟಿನ ಮೇಲೆ ಅಚ್ಚಾಗಿರುವ ಸಮಯದ ಲೆಕ್ಕ ಬೇರೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಆ ಕಡೆ ಹೋಗಿ ನಿಲ್ಲುವವರೆಗಿನ ಅವಧಿ ಅದು. ರನ್‌ವೇಗೆ ಸಾಗುವುದು, ಸರದಿಯಲ್ಲಿ ಕಾಯುವುದು ಎಲ್ಲ ಅದರಲ್ಲಿ ಸೇರಿರುತ್ತದೆ. ಹಾಗಾಗಿ ಟಿಕೆಟ್ಟು ಒಂದು ಗಂಟೆ ಅಥವಾ ಅದಕ್ಕಿಂತ ಐದು ಹತ್ತು ನಿಮಿಷ ಹೆಚ್ಚು ತೋರಿಸುತ್ತದೆ, ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯ ಒಳಗೆ.

ಎರಡು ಫ್ಯಾನಿನ ಎಟಿಆರ್ ವಿಮಾನ ಬಂದರೆ ತಡವಾಗುತ್ತದೆ, ದೊಡ್ಡ ಏರ್‌ಬಸ್ ಇರುವ ಹೊತ್ತನ್ನೇ ಆರಿಸಬೇಕು ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಎಟಿಆರ್ ಗಂಟೆಗೆ 500 ಕಿಲೋಮೀಟರಿನ ಆಸುಪಾಸು ಹಾರುತ್ತದೆ, ಏರ್‌ಬಸ್ 800 ದಾಟುತ್ತದೆ, ನಿಜ. ಆದರೆ ಇಷ್ಟು ಸಣ್ಣ ದಾರಿಯಲ್ಲಿ ಏರ್‌ಬಸ್ ಮೇಲೇರಿ ಸಮವಾಗಿ ಹಾರತೊಡಗುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಕೊನೆಗೆ ಉಳಿಯುವ ವ್ಯತ್ಯಾಸ ಹದಿನೈದು ನಿಮಿಷದ ಆಚೀಚೆ. ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ, ಅನುಕೂಲದ ಹೊತ್ತನ್ನು ಬಿಡಬೇಕಾಗಿಯೂ ಇಲ್ಲ.

ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ

ನಿಜವಾದ ಲೆಕ್ಕ ಶುರುವಾಗುವುದು ಇಲ್ಲಿ. 2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಊರಿನೊಳಗೇ ಇದ್ದ ನಿಲ್ದಾಣ ಅದು. ದೇವನಹಳ್ಳಿಗೆ ಹೋದ ಮೇಲೆ ವಿಮಾನಯಾನದ ಸ್ವರೂಪವೇ ಬದಲಾಯಿತು. ಮಂಗಳೂರು ಇರುವುದು ಬೆಂಗಳೂರಿನ ಪಡುವಣಕ್ಕೆ, ವಿಮಾನ ನಿಲ್ದಾಣ ಇರುವುದು ಊರಿನ ಉತ್ತರಕ್ಕೆ, ಸ್ವಲ್ಪ ಮೂಡಣಕ್ಕೆ ವಾಲಿ. ನಗರದ ದಕ್ಷಿಣದಲ್ಲಿರುವವರು ಊರಿಗೆ ಬೆನ್ನು ಹಾಕಿ ಐವತ್ತು ಅರವತ್ತು ಕಿಲೋಮೀಟರ್ ಹೋಗಿ ಅಲ್ಲಿಂದ ಊರಿಗೆ ಹಾರಬೇಕು.

ಎಲೆಕ್ಟ್ರಾನಿಕ್ ಸಿಟಿಯಿಂದ ಹಗಲು ಹೊತ್ತಿನಲ್ಲಿ ಹೊರಟವರನ್ನು ತೆಗೆದುಕೊಳ್ಳೋಣ. ಸಿಲ್ಕ್ ಬೋರ್ಡ್, ಹೆಬ್ಬಾಳ ಎರಡನ್ನೂ ದಾಟಬೇಕಾದ್ದರಿಂದ ದಾರಿಗೆ ಎರಡು ಗಂಟೆ ಇಟ್ಟುಕೊಳ್ಳಲೇಬೇಕು. ಸಾಮಾನು ಒಪ್ಪಿಸುವ ಕೌಂಟರ್ ದೇಶೀಯ ವಿಮಾನಗಳಿಗೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ; ಹಾಗಾಗಿ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟಕ್ಕೆ ಒಂದು ಗಂಟೆ ಐದು ನಿಮಿಷ. ಬಜ್ಪೆಯಲ್ಲಿ ಇಳಿದು ಪೆಟ್ಟಿಗೆ ತೆಗೆದುಕೊಂಡು ಹೊರಬರಲು ಇಪ್ಪತ್ತೈದು ನಿಮಿಷ. ಗುಡ್ಡದ ಮೇಲಿನ ಆ ನಿಲ್ದಾಣದಿಂದ ಇಳಿದು ಕಾವೂರು ದಾಟಿ ನಗರದೊಳಗೆ ಬರಲು ನಲವತ್ತು ನಿಮಿಷ. ಕೂಡಿಸಿದರೆ ಐದು ಗಂಟೆ ನಲವತ್ತು ನಿಮಿಷ.

ಯಲಹಂಕದಲ್ಲೋ ಸಹಕಾರನಗರದಲ್ಲೋ ಇರುವವರಿಗೆ ಇದೇ ಲೆಕ್ಕ ನಾಲ್ಕು ಗಂಟೆಗೆ ಇಳಿಯುತ್ತದೆ. ಕೈಚೀಲ ಮಾತ್ರ ಇದ್ದು, ಬೋರ್ಡಿಂಗ್ ಪಾಸನ್ನು ಮೊಬೈಲಿನಲ್ಲೇ ಪಡೆದು, ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ಬಳಸಿದರೆ ಇನ್ನೂ ಅರ್ಧ ಗಂಟೆ ಉಳಿಯಬಹುದು. ಅವರಿಗೆ ವಿಮಾನ ನಿಜಕ್ಕೂ ಬಲು ಬೇಗದ ದಾರಿ. ಒಂದೇ ನಗರದ ಎರಡು ತುದಿಯ ನಡುವೆ ಇಷ್ಟು ಅಂತರ ಇರುವಾಗ, ಬೆಂಗಳೂರಿಗರಿಗೆಲ್ಲ ಅನ್ವಯಿಸುವ ಒಂದೇ ಉತ್ತರ ಇರಲು ಸಾಧ್ಯವಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಮೂಲೆ ನೋಡಿ. ಪೀಣ್ಯ, ದಾಸರಹಳ್ಳಿ, ನೆಲಮಂಗಲದ ಕಡೆ ಇರುವವರು ಕಾರಿನಲ್ಲಿ ಹೊರಟರೆ ನಗರದ ಸಂಚಾರ ಅವರಿಗೆ ಅಡ್ಡಬರುವುದೇ ಇಲ್ಲ. ಬೆಳಗಿನ ಜಾವ ಹೊರಟರೆ ಆರೂವರೆ ಏಳು ಗಂಟೆಯಲ್ಲಿ ಮಂಗಳೂರು. ಅಲ್ಲಿಂದ ದೇವನಹಳ್ಳಿಗೆ ಅಡ್ಡಹಾಯ್ದು ವಿಮಾನ ಹತ್ತಿದರೆ ಉಳಿಯುವುದು ಎರಡು ಗಂಟೆ, ಅದೂ ವಿಮಾನ ಹೊತ್ತಿಗೆ ಸರಿಯಾಗಿ ಹೊರಟರೆ.

ಕೊಲ್ಲಿ ದೇಶಗಳಲ್ಲಿರುವ ನಮ್ಮ ಬಂಧುಗಳ ಲೆಕ್ಕ ಇದಕ್ಕೆ ಹೋಲಿಸಿದರೆ ಆಶ್ಚರ್ಯ ಹುಟ್ಟಿಸುತ್ತದೆ. ದುಬೈಯಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 2,460 ಕಿಲೋಮೀಟರ್. ನೇರ ವಿಮಾನ ನಾಲ್ಕು ಗಂಟೆಯೊಳಗೆ ಬಂದಿಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ವಿಮಾನದಲ್ಲಿ ಊರಿಗೆ ಹೊರಟವನು ಮನೆ ಸೇರುವ ಹೊತ್ತಿಗಿಂತ ಆ ಹಾರಾಟ ಕಡಿಮೆ. ದುಬೈಯಿಂದ ಬೆಂಗಳೂರಿಗೆ ಟಿಕೆಟ್ ಅಗ್ಗ ಸಿಕ್ಕಿತೆಂದು ಇಲ್ಲಿ ಇಳಿದು ಮುಂದಿನ ವಿಮಾನ ಹಿಡಿಯುವ ಯೋಚನೆ ಇರುವವರು ವಲಸೆ ತಪಾಸಣೆ, ಸುಂಕ, ಟರ್ಮಿನಲ್ ಬದಲಾವಣೆ ಎಲ್ಲವನ್ನೂ ಎಣಿಸಬೇಕು. ಎರಡು ಟಿಕೆಟ್ ಬೇರೆಬೇರೆಯಾಗಿ ಕೊಂಡಿದ್ದರೆ ಮೊದಲನೆಯದು ತಡವಾದಾಗ ಎರಡನೆಯದರ ಹಣ ಹೋಗುತ್ತದೆ. ಕಾಸರಗೋಡಿನ ಕಡೆಯವರಿಗೆ 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ನಿಲ್ದಾಣವೂ ಒಂದು ದಾರಿ.

ಇಳಿಯುವ ಊರು ಯಾವುದು

ಮಂಗಳೂರಿಗೆ ಹೋಗುತ್ತೇನೆ ಎಂದು ಹೇಳುವವರಲ್ಲಿ ಬಹಳ ಜನ ಹೋಗುವುದು ಮಂಗಳೂರಿಗಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ, ಉಪ್ಪಿನಂಗಡಿ, ಬಂಟ್ವಾಳ, ಮೂಡುಬಿದಿರೆ, ಕಾರ್ಕಳ, ಉಡುಪಿ, ಕುಂದಾಪುರ ಹೀಗೆ ಎಲ್ಲೆಲ್ಲಿಗೋ. ಹೋಲಿಕೆಯ ಪಟ್ಟಿಗಳು ಈ ಒಂದು ಸಂಗತಿಯನ್ನು ಪೂರ್ತಿ ಮರೆಯುತ್ತವೆ, ಆಯ್ಕೆ ತಪ್ಪುವುದು ಬಹುಪಾಲು ಇಲ್ಲೇ.

ಉಪ್ಪಿನಂಗಡಿಯವರ ಉದಾಹರಣೆ ತೆಗೆದುಕೊಳ್ಳಿ. ಶಿರಾಡಿ ಇಳಿದು ಗುಂಡ್ಯ, ನೆಲ್ಯಾಡಿ ದಾಟಿದರೆ ಉಪ್ಪಿನಂಗಡಿ. ಬೆಂಗಳೂರಿನಿಂದ ಬರುವಾಗ ಮಂಗಳೂರಿಗಿಂತ ಐವತ್ತು ಚಿಲ್ಲರೆ ಕಿಲೋಮೀಟರ್ ಮೊದಲೇ ಸಿಗುವ ಊರು. ವಿಮಾನದಲ್ಲಿ ಬಂದವರು ಆಕಾಶದಲ್ಲಿ ತಮ್ಮ ಮನೆಯನ್ನು ದಾಟಿ ಬಜ್ಪೆಗೆ ಹೋಗಿ, ಅಲ್ಲಿಂದ ಒಂದೂವರೆ ಎರಡು ಗಂಟೆ ರಸ್ತೆಯಲ್ಲಿ ಹಿಂದಕ್ಕೆ ಬರಬೇಕು. ಸುತ್ತಿ ಬಳಸಿ ಮೂಗು ಹಿಡಿಯುವುದು ಎಂದರೆ ಇದೇ. ಜಯನಗರದಿಂದ ಹೊರಟವರಿಗೆ ವಿಮಾನದಲ್ಲೂ ಆರು ಗಂಟೆ, ಕಾರಿನಲ್ಲೂ ಹೆಚ್ಚುಕಡಿಮೆ ಆರು ಗಂಟೆ. ಪುತ್ತೂರು, ಬೆಳ್ತಂಗಡಿ, ಧರ್ಮಸ್ಥಳದವರಿಗೂ ಇದೇ ಮಾತು. ಸುಬ್ರಹ್ಮಣ್ಯಕ್ಕೆ ಹೋಗುವ ಭಕ್ತರು ವಿಮಾನದ ಯೋಚನೆಯನ್ನೇ ಮಾಡಬೇಕಾಗಿಲ್ಲ. ರೈಲಿನಲ್ಲಿ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದಲ್ಲಿ ಇಳಿದರೆ ದೇವಸ್ಥಾನ ಹನ್ನೆರಡು ಕಿಲೋಮೀಟರ್.

ಸುಳ್ಯದವರಿಗೆ ದಾರಿಯೇ ಬೇರೆ. ಮೈಸೂರು, ಮಡಿಕೇರಿ, ಸಂಪಾಜೆಯ ಮೂಲಕ ಇಳಿಯುವುದು ಅವರಿಗೆ ಹತ್ತಿರ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಆ ದಾರಿಯ ಮೊದಲರ್ಧ ತುಂಬ ಹಗುರವಾಗಿದೆ.

ಬಜ್ಪೆಯ ಲಾಭ ಪೂರ್ತಿಯಾಗಿ ಸಿಗುವುದು ಮಂಗಳೂರು ನಗರ, ಸುರತ್ಕಲ್, ಕಟೀಲು, ಕಿನ್ನಿಗೋಳಿ, ಮೂಲ್ಕಿ, ಮೂಡುಬಿದಿರೆಯವರಿಗೆ. ಉಡುಪಿ, ಮಣಿಪಾಲಕ್ಕೆ ಅಲ್ಲಿಂದ ಇನ್ನೂ ಒಂದೂವರೆ ಗಂಟೆ. ಕುಂದಾಪುರದವರಿಗೆ ಎರಡು ಗಂಟೆ ಮೀರುತ್ತದೆ. ಅವರಿಗೆ ನಾನು ಮೊದಲು ಹೇಳುವುದು ಪಂಚಗಂಗಾ ಎಕ್ಸ್‌ಪ್ರೆಸ್. 2020ರ ಮಾರ್ಚಿನಲ್ಲಿ ಶುರುವಾದ ಈ ಬೆಂಗಳೂರು–ಕಾರವಾರ ರೈಲು ಮಂಗಳೂರಿನ ನಿಲ್ದಾಣಗಳಿಗೆ ಹೋಗದೆ ಪಡೀಲಿನ ಬಳಿ ತಿರುಗಿ ನೇರ ಸುರತ್ಕಲ್ ಕಡೆಗೆ ಸಾಗುತ್ತದೆ. ಸಂಜೆ ಹೊರಟು ಬೆಳಗಿನ ಜಾವಕ್ಕೆ ಉಡುಪಿ, ಆಮೇಲೆ ಕುಂದಾಪುರ. ಈ ರೈಲಿಗಾಗಿ ಕುಂದಾಪುರದ ಕಡೆಯವರು ಎಷ್ಟು ಕಾಲ ಮನವಿ ಸಲ್ಲಿಸುತ್ತಲೇ ಇದ್ದರು ಎಂಬುದು ಆ ಭಾಗದವರಿಗೆ ಗೊತ್ತು. ಅದು ಇಂದು ತುಂಬಿ ಓಡುತ್ತಿರುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಹಗಲಿನ ಗಂಟೆಯೂ ರಾತ್ರಿಯ ಗಂಟೆಯೂ ಒಂದೇ ಅಲ್ಲ

ರಾತ್ರಿ ಹತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಸ್ಲೀಪರ್ ಬಸ್ ಹತ್ತಿ ಬೆಳಿಗ್ಗೆ ಆರಕ್ಕೆ ಮಂಗಳೂರಿನ ಸರ್ಕಾರಿ ಬಸ್ ನಿಲ್ದಾಣವಿರುವ ಬಿಜೈಯಲ್ಲಿ ಇಳಿದವರು ಎಂಟು ಗಂಟೆ ಪ್ರಯಾಣ ಮಾಡಿದ್ದಾರೆ. ಆದರೆ ಅವರ ಹಗಲಿನಲ್ಲಿ ಒಂದು ಗಂಟೆಯೂ ಖರ್ಚಾಗಿಲ್ಲ. ಆ ದಿನ ಕಚೇರಿ ಕೆಲಸ ಪೂರ್ತಿ ಮುಗಿಸಿ, ಮನೆಯಲ್ಲಿ ಊಟ ಮಾಡಿ ಹೊರಟಿದ್ದಾರೆ. ಮರುದಿನ ಬೆಳಗಿನ ಕಾಫಿಗೆ ಊರಿನ ಮನೆಯಲ್ಲಿದ್ದಾರೆ. ಮಧ್ಯಾಹ್ನದ ವಿಮಾನ ಹಿಡಿದವರ ಐದೂವರೆ ಗಂಟೆ ನೇರವಾಗಿ ಹಗಲಿನಿಂದಲೇ ಕತ್ತರಿಸಿ ಹೋಗುತ್ತದೆ. ರಜೆ ಎರಡೇ ದಿನ ಇದ್ದಾಗ ಇದು ಸಣ್ಣ ಮಾತಲ್ಲ. ಬೆಳಿಗ್ಗೆ ಆರರ ವಿಮಾನವಾದರೆ ಹಗಲು ಉಳಿಯುತ್ತದಲ್ಲ ಎಂದು ಕೇಳಬಹುದು. ಅದಕ್ಕೆ ರಾತ್ರಿ ಎರಡೂವರೆಗೆ ಎದ್ದು ಟ್ಯಾಕ್ಸಿ ಹತ್ತಬೇಕು. ಬಸ್ಸಿನಲ್ಲಿ ಅರೆನಿದ್ದೆಯಾದರೂ ಸಿಗುತ್ತದೆ, ಇಲ್ಲಿ ಅದೂ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಆರೋಗ್ಯವಂತರಾದ, ಒಬ್ಬರೇ ಹೋಗುವ, ವಾರಾಂತ್ಯಕ್ಕೆ ಊರಿಗೆ ಹೊರಟವರಿಗೆ ರಾತ್ರಿಯ ಬಸ್ಸನ್ನು ಮೀರಿಸುವ ಆಯ್ಕೆ ಇನ್ನೂ ಇಲ್ಲ. ಸಾರಿಗೆ ನಿಗಮದ ಐರಾವತ, ಅಂಬಾರಿ ಬಸ್ಸುಗಳಿವೆ, ಖಾಸಗಿ ಸ್ಲೀಪರ್‌ಗಳು ಬೇಕಾದಷ್ಟಿವೆ. ನಿಗಮದ ಬಸ್ಸುಗಳು ಮೆಜೆಸ್ಟಿಕ್ ಮತ್ತು ಬಿಜೈಗೆ ಕಟ್ಟುಬಿದ್ದಿವೆ. ಖಾಸಗಿ ಬಸ್ಸುಗಳು ನಗರದ ಹಲವು ಕಡೆ ಹತ್ತಿಸಿಕೊಂಡು ಪಂಪ್‌ವೆಲ್, ಜ್ಯೋತಿ ಎಂದು ಇಳಿಸುತ್ತಾ ಮುಂದೆ ಉಡುಪಿ ಕುಂದಾಪುರಕ್ಕೂ ಹೋಗುತ್ತವೆ. ಹತ್ತಿಸಿಕೊಳ್ಳುವ ಜಾಗಗಳು ಹೆಚ್ಚಾದಷ್ಟೂ ನಗರ ಬಿಡುವುದು ತಡ. ಬೊಮ್ಮಸಂದ್ರದ ಕಡೆಯಿಂದ ಒಂಬತ್ತಕ್ಕೆ ಹೊರಟ ಬಸ್ಸು ಗೊರಗುಂಟೆಪಾಳ್ಯ ದಾಟುವಾಗ ಹನ್ನೊಂದಾಗಿರುತ್ತದೆ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಮೆಜೆಸ್ಟಿಕ್‌ಗೋ ಯಶವಂತಪುರಕ್ಕೋ ಬಂದು ಅಲ್ಲಿ ಬಸ್ ಹತ್ತುವುದು ಜಾಣತನ.

ಮಲಗುವ ಜಾಗ ಆರಿಸುವಾಗ ಒಂದು ಮಾತು ನೆನಪಿಡಿ. ಹಿಂದಿನ ಗಾಲಿಯ ಮೇಲಿನ ಮತ್ತು ಅದಕ್ಕೂ ಹಿಂದಿನ ಜಾಗಗಳಲ್ಲಿ ಕುಲುಕಾಟ ಹೆಚ್ಚು, ಮೇಲಿನ ಬರ್ತಿನಲ್ಲಿ ಘಾಟಿಯ ತಿರುವುಗಳಲ್ಲಿ ತೊನೆದಾಟ ಹೆಚ್ಚು. ಬಸ್ಸಿನ ಮಧ್ಯಭಾಗದ ಕೆಳಗಿನ ಬರ್ತು ಒಳ್ಳೆಯದು. ವಾಂತಿಯ ಭಯವಿದ್ದವರು ರಾತ್ರಿಯ ಊಟವನ್ನು ಹಗುರವಾಗಿಟ್ಟುಕೊಂಡು, ಸಕಲೇಶಪುರ ಬರುವ ಮೊದಲೇ ನಿದ್ದೆಗೆ ಜಾರುವುದು ಲೇಸು.

ರೈಲು ಯಾಕೆ ಇಷ್ಟು ನಿಧಾನ, ಆದರೂ ಯಾಕೆ ಬೇಕು

ರೈಲಿಗೆ ಒಂಬತ್ತು ಹತ್ತು ಗಂಟೆ ಏಕೆ ಬೇಕು ಎಂದು ಬೇಸರಪಡುವವರು ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರನ್ನು ಒಮ್ಮೆ ಹಗಲಿನಲ್ಲಿ ನೋಡಬೇಕು. 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವಷ್ಟು ಇಳಿಜಾರು. ರೈಲಿಗೆ ಇದು ಬಹಳ ಕಡಿದು. ಇಳಿಯುವ ಗಾಡಿಗಳು ಸಕಲೇಶಪುರದಲ್ಲಿ ನಿಂತು ಬ್ರೇಕ್ ಪರೀಕ್ಷೆ ಮುಗಿಸಿಕೊಂಡು ಹೊರಡಬೇಕು, ಹತ್ತುವ ಗಾಡಿಗಳಿಗೆ ಹಿಂದಿನಿಂದ ನೂಕಲು ಬೇರೆ ಎಂಜಿನ್‌ಗಳನ್ನು ಜೋಡಿಸುತ್ತಾರೆ. ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ಕಾಡಿನ ನಡುವಿನ ನಿಲ್ದಾಣಗಳನ್ನು ದಾಟುತ್ತ ಈ ಒಂದು ತುಂಡಿಗೇ ಎರಡು ಗಂಟೆಗೂ ಹೆಚ್ಚು ಹೊತ್ತು ಹೋಗುತ್ತದೆ. ಸುರಕ್ಷತೆಗಾಗಿ ಕೊಡುವ ಹೊತ್ತು ಅದು, ದೂರಲು ಮನಸ್ಸಾಗುವುದಿಲ್ಲ.

1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಮಾರ್ಗವನ್ನು ಬ್ರಾಡ್ ಗೇಜ್ ಮಾಡಲು ತೊಂಬತ್ತರ ದಶಕದಲ್ಲಿ ಮುಚ್ಚಿದಾಗ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕರಾವಳಿಗೂ ರಾಜಧಾನಿಗೂ ನಡುವೆ ಈ ದಾರಿಯಲ್ಲಿ ಪ್ರಯಾಣಿಕ ರೈಲೇ ಇರಲಿಲ್ಲ. 2007ರ ಡಿಸೆಂಬರಿನಲ್ಲಿ ಮತ್ತೆ ಓಡತೊಡಗಿತು. ಆಗಲೂ ಹಾಸನ ತಲುಪಲು ಮೈಸೂರನ್ನೋ ಅರಸೀಕೆರೆಯನ್ನೋ ಸುತ್ತಬೇಕಿತ್ತು. 2017ರ ಮಾರ್ಚಿನಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ಮಾರ್ಗ ತೆರೆದ ಮೇಲೆ ಈಗಿನ ಸ್ಥಿತಿಗೆ ಬಂದಿದೆ. ಟಿಕೆಟ್ ತೆಗೆಯುವಾಗ ಇದನ್ನು ಗಮನಿಸಿ: ಈಗಲೂ ಕೆಲವು ರೈಲುಗಳು ಮೈಸೂರಿನ ಮೇಲೆ ಹೋಗುತ್ತವೆ, ಅವಕ್ಕೆ ಎರಡು ಮೂರು ಗಂಟೆ ಹೆಚ್ಚು. ಹಾಸನದ ಮೇಲೆ ಹೋಗುವ ರಾತ್ರಿ ರೈಲನ್ನು ಮೊದಲು ನೋಡಿ. ಮಂಗಳೂರು ಸೆಂಟ್ರಲ್ ಮತ್ತು ಮಂಗಳೂರು ಜಂಕ್ಷನ್ ಬೇರೆಬೇರೆ ಎಂಬುದನ್ನೂ ಮರೆಯಬೇಡಿ. ಸೆಂಟ್ರಲ್ ನಗರದ ನಡುವೆ ಇದೆ, ಜಂಕ್ಷನ್ ಕಂಕನಾಡಿಯ ಕಡೆ.

ಹಗಲು ರೈಲು ಬೆಳಿಗ್ಗೆ ಯಶವಂತಪುರದಿಂದ ಹೊರಟು ಸಂಜೆಯ ಹೊತ್ತಿಗೆ ಮಂಗಳೂರು ಸೇರುತ್ತದೆ. 2021ರ ಜುಲೈಯಿಂದ ಇದಕ್ಕೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳನ್ನು ಸೇರಿಸಿದ್ದಾರೆ. ಇದನ್ನು ಸಮಯದ ಲೆಕ್ಕಕ್ಕೆ ಸೇರಿಸುವುದು ತಪ್ಪು. ಒಂದು ದಿನವನ್ನು ಅದಕ್ಕೇ ಎಂದು ಎತ್ತಿಡಬೇಕು. ಮಕ್ಕಳನ್ನು ಕರೆದುಕೊಂಡು ಮಳೆಗಾಲ ಮುಗಿಯುತ್ತಿರುವ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹೋದರೆ ಘಟ್ಟ ಹಸಿರಾಗಿರುತ್ತದೆ, ತೊರೆಗಳು ತುಂಬಿರುತ್ತವೆ.

ರೈಲಿನ ಇನ್ನೊಂದು ಹೆಚ್ಚುಗಾರಿಕೆ ಸಾಮಾನು. ದೇಶೀಯ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಪೆಟ್ಟಿಗೆ, 7 ಕಿಲೋ ಕೈಚೀಲ. ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿ ಬೋಗಿಯಲ್ಲಿ ಒಬ್ಬರಿಗೆ 40 ಕಿಲೋ ಉಚಿತ, ಎರಡನೇ ದರ್ಜೆಯ ಎಸಿಯಲ್ಲಿ 50. ಊರಿನಿಂದ ಹೊರಡುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಕಟ್ಟಿಕೊಡದ ಮನೆ ನಮ್ಮಲ್ಲಿ ಇದೆಯೇ? ಉಪ್ಪಿನಕಾಯಿಯನ್ನು ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ, ಒಣಕೊಬ್ಬರಿಯನ್ನು ಅದರ ಎಣ್ಣೆಯಂಶದಿಂದಾಗಿ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ಅಮ್ಮ ಕಟ್ಟಿಕೊಟ್ಟದ್ದನ್ನು ತಪಾಸಣೆಯ ಮೇಜಿನ ಮೇಲೆ ಬಿಟ್ಟು ಬರುವ ಸಂಕಟ ಯಾರಿಗೂ ಬೇಡ. ಹೋಗುವಾಗ ವಿಮಾನ, ಬರುವಾಗ ರೈಲು ಎಂದು ಇಟ್ಟುಕೊಂಡವರು ಅನೇಕರಿದ್ದಾರೆ.

ಮಳೆಗಾಲ ಎಲ್ಲ ಲೆಕ್ಕವನ್ನೂ ಬದಲಿಸುತ್ತದೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಹೇಳಿದ ಎಲ್ಲ ಗಂಟೆಗಳ ಮುಂದೆಯೂ ಒಂದು ಪ್ರಶ್ನೆಚಿಹ್ನೆ ಇಟ್ಟುಕೊಳ್ಳಿ. 2018ರಲ್ಲಿ ಶಿರಾಡಿ ಘಾಟಿ ಕಾಂಕ್ರೀಟ್ ಕಾಮಗಾರಿಗಾಗಿ ಜನವರಿಯಿಂದ ಜುಲೈವರೆಗೆ ಮುಚ್ಚಿತ್ತು. ತೆರೆದ ಕೆಲವೇ ವಾರಗಳಲ್ಲಿ, ಆಗಸ್ಟಿನ ಮಹಾಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ಹೊತ್ತಿಗೆ ಮಡಿಕೇರಿ–ಸಂಪಾಜೆ ರಸ್ತೆಯೂ ಕುಸಿದಿತ್ತು, ರೈಲು ಮಾರ್ಗದ ಮೇಲೂ ಮಣ್ಣು ಬಿದ್ದಿತ್ತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣು ಜರಿದು ರೈಲುಗಳು ದಿನಗಟ್ಟಲೆ ರದ್ದಾದವು. ಶಿರಾಡಿ ಮುಚ್ಚಿದಾಗ ವಾಹನಗಳನ್ನು ಚಾರ್ಮಾಡಿಯ ಕಡೆಗೋ ಸಂಪಾಜೆಯ ಕಡೆಗೋ ತಿರುಗಿಸುತ್ತಾರೆ, ಆ ದಾರಿಗಳು ಕಿರಿದಾದ್ದರಿಂದ ಅಲ್ಲಿ ಸಾಲು ನಿಲ್ಲುತ್ತದೆ. ಎಂಟು ಗಂಟೆಯ ಬಸ್ಸು ಹನ್ನೆರಡು ಗಂಟೆಯಾಗುವುದು ಹೀಗೆ.

ಇಂತಹ ವಾರಗಳಲ್ಲಿ ವಿಮಾನವೇ ಗತಿ ಎಂದು ಎಲ್ಲರೂ ಅತ್ತ ಓಡುತ್ತಾರೆ, ದರ ಏರುತ್ತದೆ. ವಿಮಾನಕ್ಕೂ ಮಳೆಗಾಲ ಸುಲಭವಲ್ಲ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು, ತುದಿಗಳಲ್ಲಿ ಕಣಿವೆ. ಮೋಡ ಕವಿದು ದಾರಿ ಕಾಣದಿದ್ದರೆ ವಿಮಾನ ಒಂದೆರಡು ಸುತ್ತು ಹೊಡೆದು ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋಗುತ್ತದೆ. ಹತ್ತಿದ ನಿಲ್ದಾಣದಲ್ಲೇ ಮತ್ತೆ ಇಳಿದವರಿದ್ದಾರೆ. ಆಗ ಪ್ರಯಾಣಿಕರು ಪೈಲಟ್‌ನ ಮೇಲೆ ಸಿಟ್ಟಾಗುವುದನ್ನು ಕಂಡಾಗ ನನಗೆ ದುಃಖವಾಗುತ್ತದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇದೇ ರನ್‌ವೇಯನ್ನು ಮೀರಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಇಳಿಯುವುದು ಬೇಡ ಎಂದು ತೀರ್ಮಾನಿಸುವ ಪೈಲಟ್‌ಗೆ ನಾವು ಕೃತಜ್ಞರಾಗಿರಬೇಕು. ಮಳೆಗಾಲದಲ್ಲಿ ಮದುವೆ, ಪರೀಕ್ಷೆ, ಸಂದರ್ಶನದಂತಹ ತಪ್ಪಿಸಲಾಗದ ಕೆಲಸವಿದ್ದರೆ ಯಾವ ವಾಹನವೇ ಆಗಲಿ, ಹಿಂದಿನ ದಿನವೇ ತಲುಪುವಂತೆ ಹೊರಡಿ.

ವಯಸ್ಸಾದವರು, ರೋಗಿಗಳು, ತುರ್ತು ಕರೆ

ಇಷ್ಟು ಹೊತ್ತು ಬಸ್ಸಿನ ಪರವಾಗಿ ಮಾತನಾಡಿದ್ದೇನೆ. ಆದರೆ ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನು ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಜಯದೇವಕ್ಕೋ ತೋರಿಸಲು ಕರೆತರುವಾಗ ಗಂಟೆಗಳ ಉಳಿತಾಯ ನೋಡಬೇಡಿ. ಮಂಡಿ ನೋವಿರುವವರಿಗೆ ಸ್ಲೀಪರ್ ಬಸ್ಸಿನ ಕಿರಿದಾದ ಏಣಿ, ಪದೇಪದೇ ಮೂತ್ರಕ್ಕೆ ಹೋಗಬೇಕಾದವರಿಗೆ ಶೌಚಾಲಯವಿಲ್ಲದ ರಾತ್ರಿ ನಿಜವಾದ ಹಿಂಸೆ. ಎಷ್ಟೋ ಹಿರಿಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೊರಡುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಅವರಿಗೆ ರೈಲಿನ ಕೆಳಗಿನ ಬರ್ತು ಅಥವಾ ವಿಮಾನ. ವಿಮಾನದ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಬೇಕೆಂದು ನಮೂದಿಸಿದರೆ ಬಾಗಿಲಿನಿಂದ ಆಸನದವರೆಗೆ ಸಿಬ್ಬಂದಿ ಜೊತೆಗಿರುತ್ತಾರೆ. ಈ ಒಂದು ಕಾರಣಕ್ಕೆ ವಿಮಾನದ ದರ ನನಗೆ ದುಬಾರಿ ಅನ್ನಿಸುವುದಿಲ್ಲ.

ಊರಿನಿಂದ ಕೆಟ್ಟ ಸುದ್ದಿ ಬಂದಾಗ ಎಲ್ಲರ ಬೆರಳೂ ಮೊದಲು ವಿಮಾನದ ಟಿಕೆಟ್ ಹುಡುಕುತ್ತದೆ. ಬೆಂಗಳೂರು–ಮಂಗಳೂರು ನಡುವೆ ದಿನಕ್ಕೆ ಹಾರುವ ವಿಮಾನಗಳು ಬೆರಳೆಣಿಕೆಯಷ್ಟು. ಮುಂದಿನ ವಿಮಾನ ಹೊರಡಲು ಇನ್ನು ನಾಲ್ಕು ಗಂಟೆ ಇದೆ ಎಂದಾದರೆ, ಆ ನಾಲ್ಕು ಗಂಟೆಯಲ್ಲಿ ಕಾರು ಸಕಲೇಶಪುರದ ಹತ್ತಿರ ಇರುತ್ತದೆ. ಸಂಜೆ ಕರೆ ಬಂದರೆ ಚಾಲಕನಿರುವ ಟ್ಯಾಕ್ಸಿಯೇ ಸರಿ. ಆ ಮನಸ್ಥಿತಿಯಲ್ಲಿ ನೀವೇ ಕಾರು ಓಡಿಸಬೇಡಿ; ನಡುರಾತ್ರಿಯ ಶಿರಾಡಿಯಲ್ಲಿ ಮಂಜು ಇರುತ್ತದೆ, ಭಾರದ ಲಾರಿಗಳು ಇರುತ್ತವೆ.

ಹಣದ ಮಾತು

ದರಗಳು ದಿನದಿನಕ್ಕೆ ಬದಲಾಗುವುದರಿಂದ ಅಂಕಿ ಕೊಡುವುದರಲ್ಲಿ ಅರ್ಥವಿಲ್ಲ, ಪ್ರಮಾಣ ಹೇಳಬಹುದು. ರೈಲಿನ ಸ್ಲೀಪರ್ ಎಲ್ಲಕ್ಕಿಂತ ಅಗ್ಗ. ಎಸಿ ಬರ್ತು ಮತ್ತು ಒಳ್ಳೆಯ ಬಸ್ಸು ಅದರ ಎರಡು ಮೂರು ಪಟ್ಟು. ವಿಮಾನ ಅದಕ್ಕೂ ಮೇಲೆ, ದೀಪಾವಳಿ, ಗಣೇಶ ಚತುರ್ಥಿ, ವರ್ಷಾಂತ್ಯದಲ್ಲಿ ಎಲ್ಲಿಗೆ ಏರುತ್ತದೆ ಎಂದು ಹೇಳಲಾಗದು. ವಿಮಾನದ ದರ ನೋಡುವಾಗ ಎರಡೂ ಕಡೆಯ ಟ್ಯಾಕ್ಸಿಯನ್ನು ಸೇರಿಸಲೇಬೇಕು. ನಗರದ ದಕ್ಷಿಣ ತುದಿಯಿಂದ ದೇವನಹಳ್ಳಿಗೆ ಟ್ಯಾಕ್ಸಿಗೆ ಕೊಡುವ ಹಣದಲ್ಲಿ ಮಂಗಳೂರಿಗೆ ರಾತ್ರಿ ಬಸ್ಸಿನ ಟಿಕೆಟ್ಟೇ ಬರುತ್ತದೆ. ಮೆಟ್ರೊ ಇನ್ನೂ ವಿಮಾನ ನಿಲ್ದಾಣ ಮುಟ್ಟಿಲ್ಲ. ವಾಯುವಜ್ರ ಬಸ್ಸು ಅಗ್ಗ, ಆದರೆ ಹೊತ್ತು ಹೆಚ್ಚು.

ನಾಲ್ಕು ಜನರ ಕುಟುಂಬಕ್ಕೆ ಕಾರು ಗೆಲ್ಲುತ್ತದೆ. 350 ಕಿಲೋಮೀಟರಿಗೆ ಸಾಧಾರಣ ಕಾರಿಗೆ 25 ಲೀಟರ್ ಒಳಗೆ ಪೆಟ್ರೋಲ್, ಜೊತೆಗೆ ಟೋಲ್. ಊರಿನಲ್ಲಿ ಓಡಾಡಲು ವಾಹನವೂ ಕೈಯಲ್ಲಿರುತ್ತದೆ. ದೈವಸ್ಥಾನ, ನೆಂಟರ ಮನೆ, ಕಡಲತೀರ ಎಂದು ಸುತ್ತುವವರಿಗೆ ಇದರ ಬೆಲೆ ದೊಡ್ಡದು.

ಟಿಕೆಟ್ ಕಾದಿರಿಸುವ ವಿಷಯದಲ್ಲಿ ರೈಲಿಗೆ 60 ದಿನ ಮೊದಲೇ ಬಾಗಿಲು ತೆರೆಯುತ್ತದೆ, ಹಬ್ಬದ ದಿನಗಳ ಬರ್ತುಗಳು ಬಹುಬೇಗ ಮುಗಿಯುತ್ತವೆ. ತಪ್ಪಿದರೆ ಹಿಂದಿನ ದಿನ ಎಸಿ ಬೋಗಿಗಳಿಗೆ ಬೆಳಿಗ್ಗೆ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ ತತ್ಕಾಲ್ ಶುರು. ಭಾನುವಾರ ರಾತ್ರಿ ಮಂಗಳೂರಿನಿಂದ ಹಿಂತಿರುಗುವವರು ಹೋಗುವ ಟಿಕೆಟ್‌ಗಿಂತ ಮೊದಲು ಬರುವ ಟಿಕೆಟ್ ತೆಗೆಯುವುದು ಒಳ್ಳೆಯದು, ಸೀಟಿನ ಕೊರತೆ ನಿಜವಾಗಿ ಕಾಣುವುದು ಆ ರಾತ್ರಿಯಲ್ಲೇ. ಬಸ್ಸಾದರೆ ರಾತ್ರಿ ಒಂಬತ್ತರೊಳಗೆ ಹೊರಡುವುದನ್ನು ಆರಿಸಿ. ಹತ್ತೂವರೆಯ ಬಸ್ಸು ನೆಲಮಂಗಲ ಮುಟ್ಟುವಾಗ ಬೆಳಗಾಗಿರುತ್ತದೆ, ಸೋಮವಾರದ ಸಂಚಾರ ಅಲ್ಲಿಂದಲೇ ಶುರುವಾಗಿರುತ್ತದೆ. ಸಿಕ್ಕಿಬಿದ್ದರೆ ಮಾದಾವರದಲ್ಲೋ ನಾಗಸಂದ್ರದಲ್ಲೋ ಇಳಿದು ಮೆಟ್ರೊ ಹತ್ತಿ. ಉಳಿದವರು ಬಸ್ಸಿನಲ್ಲಿ ಯಶವಂತಪುರ ತಲುಪುವ ಮೊದಲೇ ನೀವು ಜಯನಗರದಲ್ಲಿರಬಹುದು.